ನಾಕು ಹಾಡಿನ ಜೋಡಿ

ಹೋದ ವರ್ಷ ಮಗಳ ಕಡೆ ಬ್ವೆನೊಸ್ ಐರಿಸ್‌ಗೆ ಹೋಗಿದ್ದೆ. ಒಂದು ಶನಿವಾರ ರಾತ್ರಿ "ಅವ್ವಾ, ನೀನೂ ಬಾ, ಮಿಲೋಂಗಾ ನೋಡೀಯಂತ" ಅಂದ್ಲು. ಮಿಲೋಂಗಾ ಅಂದ್ರ ಟ್ಯಾಂಗೋ ಕುಣಿಯೋ ಕೂಟ. ಕುಣಿತ ಅಂದ್ರ ನನಗ ಕೋಲಾಟ ಬಿಟ್ರ ಬ್ಯಾರೆ ಗೊತ್ತಿಲ್ಲ.

ಒಳಗ ಹೋದ್ರ ನಮ್ಮ ಕಡೆ ಮದುವಿ ಮನಿ ಹಂಗ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎಲ್ಲಾ ಮಿಲೋಂಗಾದಾಗ ಹಿಂಗಿರೂದಿಲ್ಲ, ಇದು ಹಳೇ ಪದ್ಧತಿದು. ಯಾರೂ ಬಾಯಿ ಬಿಟ್ಟು ಕರಿಯೂದಿಲ್ಲ. ದೂರದಿಂದ ಕಣ್ಣು ಕೂಡಿಸಿ ಗಂಡಸು ತಲಿ ಹಂಗಿಷ್ಟು ಹಾಕ್ತಾನ. ಒಪ್ಪಿಗಿದ್ರ ಈಕಿನೂ ಹೂಂ ಅಂತ ತಲಿ ಹಾಕ್ತಾಳ, ಇಲ್ಲಾಂದ್ರ ಮಾರಿ ಆ ಕಡೆ. "ನೀ ಎಲ್ಲಾದಕ್ಕೂ ತಲಿ ಅಲ್ಲಾಡಸಬ್ಯಾಡ" ಅಂತ ಮಗಳು ಮೊದಲೇ ಹೇಳಿದ್ಲು. ನಾ ಕುತ್ತಿಗಿ ಬಿಗಿ ಹಿಡಕೊಂಡು ಕೂತಿದ್ದೆ.

ಹಾಡು ಒಂದೊಂದೇ ಬರೂದಿಲ್ಲ. ಟ್ಯಾಂಗೋ ಆದ್ರ ಸಾಮಾನ್ಯವಾಗಿ ನಾಕು, ವಾಲ್ಸ್ ಆದ್ರ ಮೂರು. ದಿ ಸಾರ್ಲಿ ವಾದ್ಯವೃಂದದ್ದು ಅಂದ್ರ ನಾಕೂ ದಿ ಸಾರ್ಲಿದೇ. ಅದಕ್ಕ ತಾಂದಾ ಅಂತಾರ. ಅಲ್ಲೀತನಕ ಅದೇ ಜೋಡಿ. ಮುಗಿದ ಮ್ಯಾಲ ಅರ್ಧ ನಿಮಿಷ ಟ್ಯಾಂಗೋ ಅಲ್ಲದ ಯಾವುದರೆ ಹಾಡು ಹಾಕ್ತಾರ. ಅದು ಕೊರ್ತಿನಾ, ಅಂದ್ರ ಪರದೆ. ಕಂಪನಿ ನಾಟಕದಾಗ ಅಂಕದ ಪರದೆ ಬಿದ್ದಂಗ. ಅದಕ್ಕ ಯಾರೂ ಕುಣಿಯೂದಿಲ್ಲ. ಗಂಡಸು ಆಕಿನ್ನ ಕುರ್ಚಿತನಕ ಬಿಟ್ಟು ಬರ್ತಾನ. ನೀರು ಕುಡಿದು, ಬೆವರು ಒರಸಿಕೊಂಡು, ಮತ್ತ ಬ್ಯಾರೆ ಜೋಡಿ.

ಮಗಳು ಒಬ್ಬ ಎತ್ತರದ ಮನಷ್ಯಾನ ಜೋಡಿ ಹೊಂಟ್ಲು. ಎರಡನೇ ಹಾಡು ಮುಗಿಯೂದ್ರಾಗ 'ಗ್ರಾಸಿಯಾಸ್' ಅಂದವಳೇ ಬಂದು ನನ್ನ ಬಾಜೂ ಕೂತ್ಲು. ಇನ್ನ ಎರಡು ಹಾಡು ಉಳಿದಿದ್ವು. ನನಗ ಜೀವ ಹಿಡಿಯಷ್ಟಾತು. "ಮಂದಿ ನೋಡ್ತಾರ, ಮುಗಿಸ್ಯರ ಬರಬೇಕಿಲ್ಲೋ?" ಅಂದೆ.

"ಭುಜ ಹಿಂಡಿ ಹಿಡಕೊಂಡಿದ್ದ ಅವ್ವಾ. ನಡುವ ಗ್ರಾಸಿಯಾಸ್ ಅಂದ್ರ ಇನ್ನ ಸಾಕು ಅಂತ ಅರ್ಥ. ಅವರಿಗೆ ಅವಮಾನ ಆಗ್ತದ ಖರೆ, ಆದ್ರ ಅನ್ನಲಿಕ್ಕೆ ಬರ್ತದ."

ನಾ ಸುಮ್ಮನಾದೆ. ಆಕಿ ಸಂಸಾರ ಮುರಿಯೋ ಹೊತ್ತಿನಾಗ ಎರಡು ವರ್ಷ ಫೋನಿನಾಗ "ಹೊಂದಿಕೊಂಡು ಹೋಗು, ಮಂದಿ ಏನಂತಾರ" ಅಂತ ಇದೇ ಬಾಯಿಲೆ ಹೇಳಿದ್ದೆ. ಫೋನ್ ಇಟ್ಟ ಮ್ಯಾಲ ಆಕಿ ಏನು ಮಾಡ್ತಿದ್ಲೋ, ಒಮ್ಮೆನೂ ಕೇಳಿರಲಿಲ್ಲ.

ಕಡೀಕ 'ಲಾ ಕುಂಪಾರ್ಸಿತಾ' ಬಂದ್ರ ಕೂಟ ಮುಗೀತು ಅಂತ ತಿಳೀಬೇಕು. ಅದಕ್ಕ ಆಕಿ ಒಬ್ಬ ಬಿಳಿಗೂದಲಿನ ಅಜ್ಜನ ಕೂಡ ಕಣ್ಣು ಮುಚ್ಚಿಕೊಂಡು ಕುಣಿದ್ಲು. ಎಲ್ಲಾರೂ ಅಪ್ರದಕ್ಷಿಣಿ ಸುತ್ತತಾರ ಅಲ್ಲಿ, ಅದೊಂದು ನನಗ ಸೇರಲಿಲ್ಲ.

ವಾಪಸ್ ಬರೂವಾಗ ಟ್ಯಾಕ್ಸಿಯೊಳಗ ಆಕಿ ಭುಜ ಮುಟ್ಟಿ, "ಭಾಳ ನೋವಾಗಿತ್ತೇನು?" ಅಂತ ಕೇಳಿದೆ.