ಸೆಕೆಂಡ್ ಹ್ಯಾಂಡ್ ಬೈಕೂ, ಬ್ಲೌಸಿನ ಟೇಪೂ

2008ರ ಮಾರ್ಚ್ ತಿಂಗಳಲ್ಲಿ, ಮೂವತ್ನಾಲ್ಕು ತುಂಬಿದ ಮೇಲೆ, ನನಗೆ ಬೈಕಿನ ಹುಚ್ಚು ಹಿಡಿಯಿತು. "ಈ ವಯಸ್ಸಲ್ಲಿ ಎಲ್ರಿಗೂ ಮನೆ ತೊಗೊಳೋ ಹುಚ್ಚು ಹಿಡಿಯತ್ತೆ, ನಿಮಗೇನ್ರೀ ಇದು" ಅಂದಳು ಹೆಂಡತಿ. ಆ ವರ್ಷ ಅಮೆರಿಕದಲ್ಲಿ ಮನೆ ತೊಗೊಂಡವರ ಪಾಡು ಏನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಆ ಲೆಕ್ಕದಲ್ಲಿ ನಾನೇ ಬುದ್ಧಿವಂತ ಅಂತ ಇವತ್ತಿಗೂ ವಾದ ಮಾಡ್ತೀನಿ. ಅವಳು ಒಪ್ಪಿಲ್ಲ.

ಹುಚ್ಚಿಗೆ ಬೀಜ ಬಿದ್ದಿದ್ದು ಹಾಸನದಲ್ಲಿ. ಅಪ್ಪನ ಹತ್ರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದ ಗಾಡಿ. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ. ಟ್ಯಾಂಕಿನ ಮೇಲೆ ನಾನು, ಹಿಂದೆ ಅಮ್ಮ, ಅಮ್ಮನ ತೊಡೆಯ ಮೇಲೆ ತಂಗಿ, ಪಕ್ಕಕ್ಕೆ ನೇತುಹಾಕಿದ ತರಕಾರಿ ಚೀಲ. ಇಷ್ಟೆಲ್ಲ ಹೊತ್ತುಕೊಂಡು ಅದು ಊರೆಲ್ಲ ಸುತ್ತುತ್ತಿತ್ತು. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅದಾಗಿ ಎರಡು ವರ್ಷಕ್ಕೆ ಅಪ್ಪ ಗಾಡಿ ಕೊಟ್ಟುಬಿಟ್ಟರು. ಕೊಂಡವನು ಅದನ್ನು ಸ್ಟಾರ್ಟ್ ಮಾಡಿಕೊಂಡು ಬೀದಿಯ ತಿರುವು ದಾಟುವವರೆಗೂ ಅಪ್ಪ ಗೇಟಿನ ಹತ್ರ ನಿಂತಿದ್ದು ನೆನಪಿದೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೈಕಿಗೆ ಬೇರೆ ಲೈಸೆನ್ಸ್ ಬೇಕು. ಒಂದು ವಾರಾಂತ್ಯ ಪೂರ್ತಿ ಕಾಲೇಜಿನ ಪಾರ್ಕಿಂಗ್ ಲಾಟಿನಲ್ಲಿ ಪುಟ್ಟ ಬೈಕು ಕೊಟ್ಟು, ಕಿತ್ತಳೆ ಬಣ್ಣದ ಕೋನುಗಳ ನಡುವೆ ಓಡಿಸಿ ಕಲಿಸಿದರು. "ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು, ಎಲ್ಲಿಗೆ ಹೋಗಬಾರದೋ ಅದನ್ನ ನೋಡಬೇಡ" ಅಂತ ಮೇಷ್ಟ್ರು ನೂರು ಸಲ ಹೇಳಿದರು. ಹಾಸನದಲ್ಲಿ ಎಮ್ಮೆ ನೋಡಿಕೊಂಡೇ ಗಾಡಿ ಓಡಿಸಿದವನಿಗೆ ಇದೆಲ್ಲ ಯಾಕೆ ಅಂತ ಒಳಗೊಳಗೇ ನಕ್ಕಿದ್ದೆ. ಈ ಮಾತು ಆಮೇಲೆ ಬರುತ್ತೆ, ನೆನಪಿಟ್ಟುಕೊಳ್ಳಿ.

ನನಗೆ ಬೇಕಿದ್ದಿದ್ದು ವಿ-ಟ್ವಿನ್. ಅಂದ್ರೆ ಎರಡು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕವಲೊಡೆದು ಒಂದೇ ಕ್ರ್ಯಾಂಕಿಗೆ ಸೇರಿಕೊಂಡಿರೋ ಎಂಜಿನ್. ಹಾರ್ಲೆಯಲ್ಲಿ ಈ ಕವಲು 45 ಡಿಗ್ರಿ. ಡುಕಾಟಿಯಲ್ಲಿ 90. ಕವಲು 90 ಇದ್ದರೆ ಒಂದು ಪಿಸ್ಟನ್ನು ತುದಿ ಮುಟ್ಟಿ ವಾಪಸ್ ತಿರುಗೋ ಹೊತ್ತಿಗೆ ಇನ್ನೊಂದು ನಡುದಾರಿಯಲ್ಲಿ ಜೋರಾಗಿ ಓಡ್ತಿರುತ್ತೆ, ಒಂದರ ಕುಲುಕಾಟವನ್ನು ಇನ್ನೊಂದು ನುಂಗಿಕೊಳ್ಳುತ್ತೆ. ಆದರೆ ಸದ್ದು ಮಾತ್ರ ಸಮನಾಗಿ ಬರಲ್ಲ. ಕ್ರ್ಯಾಂಕು 270 ಡಿಗ್ರಿ ತಿರುಗಿದಾಗ ಒಂದು ಢಗ್, ಮತ್ತೆ 450 ಡಿಗ್ರಿ ಆದಮೇಲೆ ಇನ್ನೊಂದು ಢಗ್. ನಾಲ್ಕು ಸಿಲಿಂಡರಿನ ಬೈಕು ಮಿಕ್ಸಿಯ ಹಾಗೆ ಕಿರುಚಿದರೆ ಇದು ಕುದುರೆ ಓಡಿದ ಹಾಗೆ ಬರುತ್ತೆ. ಹುಚ್ಚು ಹಿಡಿಸೋದು ಆ ಸದ್ದೇ.

ಡುಕಾಟಿ ನನ್ನ ಜೇಬಿಗೆ ಎಟುಕುವ ಮಾತಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು 2001ರ ಸುಜುಕಿ ಎಸ್‌ವಿ650. ಅದೇ 90 ಡಿಗ್ರಿ ಕವಲು, 645 ಸಿಸಿ, ಹೆಚ್ಚುಕಡಿಮೆ 70 ಕುದುರೆ ಶಕ್ತಿ. 2003ರಿಂದ ಈ ಮಾಡೆಲ್ಲಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. ನನ್ನದು ಹಳೇದು, ಕಾರ್ಬ್ಯುರೇಟರಿಂದು. ಓಡಿದ್ದು 14,000 ಮೈಲಿ, ಬೆಲೆ 2,400 ಡಾಲರ್.

ನೋಡಲಿಕ್ಕೆ ಹೋದಾಗ ನಾನು ಮಾಡಿದ ಪರೀಕ್ಷೆಗಳನ್ನು ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಸಿ ಇದ್ದರೆ ಮಾರೋನು ನೀವು ಬರೋ ಮುಂಚೆ ಹೇಗೋ ಕಷ್ಟಪಟ್ಟು ಸ್ಟಾರ್ಟ್ ಮಾಡಿಟ್ಟಿದ್ದಾನೆ ಅಂತ ಅನುಮಾನ ಪಡಬಹುದು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2303 ಅಂತಿದ್ದರೆ 2003ರ 23ನೇ ವಾರ ತಯಾರಾಗಿದ್ದು. ಹ್ಯಾಂಡಲ್ ತುದಿ, ಕ್ಲಚ್ ಲಿವರ್ರು, ಫುಟ್‌ರೆಸ್ಟು ಉಜ್ಜಿದ್ದರೆ ಗಾಡಿ ಆ ಪಕ್ಕಕ್ಕೆ ಬಿದ್ದಿದೆ ಅಂತ ಅರ್ಥ. ಇದು ಎಡಕ್ಕೆ ಬಿದ್ದಿತ್ತು. ಮಾರೋ ಹುಡುಗ ಮುಚ್ಚಿಡಲಿಲ್ಲ. ನಿಂತಲ್ಲೇ ಬೀಳಿಸಿದ್ದೆ ಅಂದ. ಗೀರು ಕಾಣದ ಹಾಗೆ ತಾನೇ ಡಬ್ಬಿಯಿಂದ ಕಪ್ಪು ಬಣ್ಣ ಹೊಡೆದಿದ್ದ. ಒಳಗಡೆಯಿಂದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು, ತುಂಬಿದ ಬಸುರಿ. ಯಾಕೆ ಮಾರ್ತಿದ್ದೀಯ ಅಂತ ನಾನು ಕೇಳಲಿಲ್ಲ. ಪಿಂಕ್ ಸ್ಲಿಪ್ಪಿಗೆ ಸಹಿ ಹಾಕಿ ಕೈಗೆ ಕೊಟ್ಟ. ನಾನು ಗಾಡಿ ತಿರುಗಿಸಿಕೊಂಡು ಬರುವಾಗ ಕನ್ನಡಿಯಲ್ಲಿ ನೋಡಿದರೆ ಅವನೂ ಗರಾಜಿನ ಮುಂದೆ ನಿಂತೇ ಇದ್ದ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಎರಡು ಸಿಲಿಂಡರಾ? ಯಾಕೋ, ಒಂದು ಸಾಕಾಗ್ಲಿಲ್ವಾ? ನಮ್ದಕ್ಕೆ ಸೈಲೆನ್ಸರ್ ಎರಡಿದ್ರೂ ಸಿಲಿಂಡರ್ ಒಂದೇ ಇತ್ತಪ್ಪ" ಅಂದರು. ಆಮೇಲೆ ದನಿ ತಗ್ಗಿಸಿ, "ಬ್ರೇಕ್ ಸರಿಯಾಗಿದ್ಯಾ ನೋಡ್ಕೋ. ಅಮ್ಮಂಗೆ ಹೇಳ್ಬೇಡ" ಅಂದರು.

ಹೆಂಡತಿ ಮೂರು ಷರತ್ತು ಹಾಕಿದಳು. ಹೆಲ್ಮೆಟ್ಟು ಜಾಕೆಟ್ಟು ಬೂಟು ಗ್ಲೌಸು ಇಲ್ಲದೆ ಬೀದಿಗಿಳಿಯೋ ಹಾಗಿಲ್ಲ. ರಾತ್ರಿ ಹೈವೇಗೆ ಹೋಗೋ ಹಾಗಿಲ್ಲ. ಏನೇ ಆದ್ರೂ ತನ್ನಿಂದ ಮುಚ್ಚಿಡೋ ಹಾಗಿಲ್ಲ. ಮೂರಕ್ಕೂ ಹೂಂ ಅಂದೆ.

ಹಳೇ ಬೈಕು ಮನೆಗೆ ಬಂದಮೇಲೆ ಕೈ ಸುಮ್ಮನಿರುತ್ತಾ? ಮೊದಲು ಸೈಲೆನ್ಸರ್ ಬದಲಾಯಿಸಿದೆ. ಯಾರೋ ಬಿಚ್ಚಿ ಮಾರಿದ್ದ ರೇಸಿನ ಥರದ್ದು, 180 ಡಾಲರ್. ಬೆಳಿಗ್ಗೆ ಏಳಕ್ಕೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆ ಅಜ್ಜಿ ಕಿಟಕಿ ಪರದೆ ಸರಿಸಿ ನೋಡೋರು. ಎರಡನೇದು ಹ್ಯಾಂಡಲ್. ಗಾಡಿಗೆ ಬಂದಿದ್ದು ಅಗಲವಾದ, ಎತ್ತರದ ಹ್ಯಾಂಡಲ್. ಅದನ್ನು ತೆಗೆದು ಫೋರ್ಕಿನ ಕೊಳವೆಗೇ ಕಚ್ಚಿಕೊಳ್ಳೋ ಕ್ಲಿಪ್-ಆನ್ ಹಾಕಿದೆ, 90 ಡಾಲರ್. ಈಗ ಟ್ಯಾಂಕಿನ ಮೇಲೆ ಮಲಗಿಕೊಂಡ ಹಾಗೆ ಕೂರಬೇಕು. ಮಣಿಕಟ್ಟು ನೋವು, ಬೆನ್ನು ನೋವು, ಆದರೆ ಅಂಗಡಿ ಗಾಜಿನಲ್ಲಿ ನನ್ನ ಬಿಂಬ ನೋಡಿಕೊಂಡರೆ ಎಲ್ಲ ನೋವೂ ಮಾಯ. ಮೂರನೇದು, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಎಸೆದೆ. ಮಳೆಗಾಲದಲ್ಲಿ ಬೆನ್ನ ಮೇಲೆಲ್ಲ ಕೆಸರಿನ ರಂಗೋಲಿ.

ಭಾನುವಾರ ಬೆಳಿಗ್ಗೆ ಸ್ಕೈಲೈನ್ ರಸ್ತೆ ಹತ್ತಿ ವುಡ್‌ಸೈಡಿನ ಆಲಿಸಸ್ ರೆಸ್ಟೋರೆಂಟಿನ ಮುಂದೆ ಬೈಕುಗಳ ಸಾಲಿನಲ್ಲಿ ನನ್ನದನ್ನೂ ನಿಲ್ಲಿಸಿ ಕಾಫಿ ಕುಡಿಯೋದು. ಅಲ್ಲಿ ಒಬ್ಬರು ಬಿಳಿ ಗಡ್ಡದ ಹಿರಿಯರು ನನ್ನ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹ್ಯಾಂಡಲ್ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದರು. ಮುಂಭಾಗ ಹಾಸಿಗೆಯ ಹಾಗೆ ಕುಸಿದು ಎದ್ದಿತು. "ಸೈಲೆನ್ಸರಿಗೆ ಎಷ್ಟು ಕೊಟ್ಟೆ?" ಅಂತ ಕೇಳಿದರು. ಹೇಳಿದೆ. "ಸ್ಪ್ರಿಂಗಿಗೆ?" ಅಂದರು. ನಾನು ನಕ್ಕೆ, ಅವರು ನಗಲಿಲ್ಲ.

ಅದಾಗಿ ಎರಡು ವಾರಕ್ಕೆ ಹೈವೇ 9ರಲ್ಲಿ ಸ್ಯಾರಟೋಗ ಕಡೆ ಇಳೀತಿದ್ದೆ. ಶಿರಾಡಿ ಘಾಟಿನ ಹಾಗೇ, ಒಂದು ಕಡೆ ಗುಡ್ಡ, ಮರಗಳ ನೆರಳು, ಒಂದಾದ ಮೇಲೊಂದು ತಿರುವು. ಸದ್ದಿನ ಅಮಲಿನಲ್ಲಿ ಒಂದು ಬಲ ತಿರುವಿಗೆ ಬರಬಾರದಷ್ಟು ಜೋರಾಗಿ ಬಂದೆ. ಗಾಬರಿಯಾಗಿ ತಿರುವಿನೊಳಗೇ ಮುಂದಿನ ಬ್ರೇಕ್ ಹಿಡಿದೆ. ಫೋರ್ಕು ಪೂರ್ತಿ ಕುಸಿದು ತಳ ಕಂಡಿತು. ಅದೇ ಹೊತ್ತಿಗೆ ರಸ್ತೆಯಲ್ಲೊಂದು ಉಬ್ಬು ಬಂತು. ಕುಸಿಯಲಿಕ್ಕೆ ಜಾಗವೇ ಉಳಿದಿರಲಿಲ್ಲ, ಚಕ್ರ ನೆಗೆಯಿತು, ವಾಲಿದ್ದ ಬೈಕು ನೆಟ್ಟಗಾಗಿ ಹಳದಿ ಜೋಡಿಗೆರೆ ದಾಟಿ ಎದುರಿನ ಲೇನಿಗೆ ಹೋಯಿತು. ಕೆಳಗಿನಿಂದ ಒಂದು ಪಿಕಪ್ ಟ್ರಕ್ ಬರ್ತಿತ್ತು. ನಾನು ಅದನ್ನೇ ನೋಡ್ತಿದ್ದೆ. ನೋಡಬಾರದ್ದನ್ನೇ ನೋಡ್ತಿದ್ದೆ. ಹೇಗೆ ವಾಪಸ್ ಬಂದೆ ಅಂತ ಹೇಳಲಾರೆ. ಟ್ರಕ್ಕಿನ ಹಾರನ್ನು ನನ್ನ ಎಡಗಿವಿಯ ಪಕ್ಕದಲ್ಲೇ ಹಾದುಹೋಗಿದ್ದು ಮಾತ್ರ ನೆನಪಿದೆ. ಮುಂದೆ ಜಾಗ ಸಿಕ್ಕಲ್ಲಿ ನಿಲ್ಲಿಸಿದೆ. ಸೈಡ್ ಸ್ಟ್ಯಾಂಡ್ ಹಾಕಲಿಕ್ಕೆ ಕಾಲು ಮಾತು ಕೇಳಲಿಲ್ಲ.

ಮನೆಗೆ ಬಂದೆ. "ಹೆಂಗಿತ್ತು?" ಅಂದಳು. "ಚೆನ್ನಾಗಿತ್ತು" ಅಂದೆ.

ಮೂರು ಭಾನುವಾರ ಬೈಕು ತೆಗೆಯಲಿಲ್ಲ. ಮೂರನೇ ಭಾನುವಾರ ಅವಳೇ ದೋಸೆ ಹಾಕುತ್ತಾ ಕೇಳಿದಳು, "ಬೈಕ್ ಕೆಟ್ಟಿದ್ಯಾ?"

"ಇಲ್ಲ."

"ಮತ್ತೆ?"

ಹೇಳಿದೆ. ಟ್ರಕ್ಕಿನ ವಿಷಯವನ್ನೂ ಬಿಡದೆ ಹೇಳಿದೆ. ಅವಳು ಸ್ಟೋವ್ ಆರಿಸಿದಳು. ಹೆಂಚಿನ ಮೇಲಿದ್ದ ದೋಸೆ ಅಲ್ಲೇ ಇತ್ತು. "ಮೂರು ವಾರ ಆಯ್ತಲ್ರೀ" ಅಂದಳು ಅಷ್ಟೇ. ಬಿದ್ದಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಆ ದಿನ ಮನೆಯಲ್ಲಿ ಬೇರೆ ಮಾತಿಲ್ಲ. ರಾತ್ರಿ ನಾನೇ, ಮಾರಿಬಿಡ್ತೀನಿ ಅಂದೆ. ಅವಳು ಆ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಅದನ್ನ ಸರಿ ಮಾಡೋಕಾಗತ್ತಾ?" ಅಂತ ಕೇಳಿದಳು.

ಆಗ ಕೂತು ಓದಿದೆ. ಬೈಕು ತಯಾರಿಸೋರು ಸ್ಪ್ರಿಂಗ್ ಆರಿಸೋವಾಗ ಯಾವುದೋ ಒಂದು ಸರಾಸರಿ ತೂಕ ಲೆಕ್ಕ ಹಾಕಿರ್ತಾರೆ. ನಾನು 82 ಕೆ.ಜಿ., ಷರತ್ತಿನ ಸಾಮಾನೆಲ್ಲ ಹಾಕಿಕೊಂಡರೆ 90. ಮೇಲಾಗಿ ಕ್ಲಿಪ್-ಆನ್ ಹಾಕಿ ಮೈಭಾರವನ್ನೆಲ್ಲ ನಾನೇ ಮುಂದಕ್ಕೆ ತಂದಿದ್ದೆ. ಅಂದ್ರೆ ಮೊದಲೇ ಮೆತ್ತಗಿದ್ದ ಕಡೆಗೇ ಇನ್ನಷ್ಟು ಭಾರ ಹೇರಿ, ಅದಕ್ಕೆ ದುಡ್ಡೂ ಕೊಟ್ಟಿದ್ದೆ.

ಇದನ್ನು ಅಳೆಯೋ ಕ್ರಮ ಸುಲಭ. ಮುಂದಿನ ಚಕ್ರ ನೆಲ ಬಿಡೋ ಹಾಗೆ ಎತ್ತಿ, ಫೋರ್ಕು ಪೂರ್ತಿ ಚಾಚಿಕೊಂಡಾಗ ಹೊಳೆಯೋ ಕೊಳವೆ ಎಷ್ಟುದ್ದ ಕಾಣುತ್ತೆ ಅಂತ ಅಳೀಬೇಕು. ಆಮೇಲೆ ಹೆಲ್ಮೆಟ್ಟು ಸಮೇತ ಮೇಲೆ ಕೂತು ಮತ್ತೆ ಅಳೀಬೇಕು. ಎರಡರ ವ್ಯತ್ಯಾಸ 30ರಿಂದ 35 ಮಿಲಿಮೀಟರ್ ಇದ್ದರೆ ಸರಿ. ಕಷ್ಟ ಏನಪ್ಪಾ ಅಂದ್ರೆ, ಮೇಲೆ ಕೂತವನು ತಾನೇ ಬಗ್ಗಿ ಅಳೆಯೋ ಹಾಗಿಲ್ಲ, ಬಗ್ಗಿದರೆ ಭಾರ ಜಾಗ ಬದಲಾಗುತ್ತೆ. ಇನ್ನೊಬ್ಬರು ಬೇಕೇ ಬೇಕು.

ನಾಲ್ಕು ತಿಂಗಳಲ್ಲಿ ಒಂದು ಸಲವೂ ಆ ಬೈಕಿನ ಹತ್ತಿರ ಸುಳಿಯದವಳು ಗರಾಜಿಗೆ ಬಂದಳು. ಕೈಯಲ್ಲಿ ಬ್ಲೌಸ್ ಅಳತೆಯ ಟೇಪು. ನಾನು ಜಾಕೆಟ್ಟು ಬೂಟು ಹಾಕಿಕೊಂಡು ನಿಂತ ಗಾಡಿಯ ಮೇಲೆ ದಸರಾ ಬೊಂಬೆಯ ಹಾಗೆ ಕೂತೆ. ಅವಳು ನೆಲಕ್ಕೆ ಮಂಡಿಯೂರಿ ಅಳತೆ ತೆಗೆದು, ದಿನಸಿ ಚೀಟಿಯ ಹಿಂದೆ ಬರೆದುಕೊಂಡು ಕಳೆದಳು.

"ಐವತ್ತೆರಡು."

"ಇನ್ನೊಂದ್ಸಲ ನೋಡೇ."

"ಐವತ್ತೆರಡೇ ರೀ. ಅಂದ್ರೆ ಇಷ್ಟು ದಿನ ಇದು ನಿಮ್ಮ ತೂಕಕ್ಕೆ ಇರ್ಲೇ ಇಲ್ವಾ?"

ಫೋರ್ಕು ಒಟ್ಟು ಕುಸಿಯೋದೇ ಸುಮಾರು 130 ಮಿಲಿಮೀಟರು. ಸುಮ್ಮನೆ ಕೂತರೆ 52 ಹೋಯ್ತು. ಇನ್ನು ಬ್ರೇಕಿಗೆಷ್ಟು, ಉಬ್ಬಿಗೆಷ್ಟು?

ಸೈಲೆನ್ಸರ್ರೂ ಕ್ಲಿಪ್-ಆನ್ನೂ ಮಾರಿದೆ, ಕೊಟ್ಟಿದ್ದರಲ್ಲಿ ಅರ್ಧ ಬಂತು. ಆ ದುಡ್ಡಿಗೆ ಒಂದಿಷ್ಟು ಸೇರಿಸಿ ಒಂದು ಮಿಲಿಮೀಟರ್ ಕುಸಿಯಲಿಕ್ಕೆ 0.90 ಕೆ.ಜಿ. ಕೇಳೋ ಗಟ್ಟಿ ಸ್ಪ್ರಿಂಗು ಒಂದು ಜೊತೆ, ಫೋರ್ಕ್ ಆಯಿಲ್ ಎರಡು ಬಾಟ್ಲಿ ತಂದೆ. ಗರಾಜಿನ ತೊಲೆಗೆ ಹಗ್ಗ ಕಟ್ಟಿ ಬೈಕಿನ ಮುಂಭಾಗ ನೇತುಹಾಕಿ ಫೋರ್ಕು ಬಿಚ್ಚಿದೆ. ಒಳಗಿಂದ ಸುರಿದ ಹಳೇ ಎಣ್ಣೆ ಚರಂಡಿ ನೀರಿನ ಬಣ್ಣ. ಏಳು ವರ್ಷದಲ್ಲಿ ಯಾರೂ ಬದಲಾಯಿಸಿರಲಿಲ್ಲ ಅಂತ ಕಾಣುತ್ತೆ. ಸ್ಪ್ರಿಂಗಿನ ಮೇಲೆ ಕೂರಿಸೋ ಸ್ಪೇಸರು ಅಂದ್ರೆ ನಲ್ಲಿ ಕೆಲಸಕ್ಕೆ ಬಳಸೋ ಪಿವಿಸಿ ಪೈಪಿನ ತುಂಡು, ಗರಗಸದಲ್ಲಿ ಕುಯ್ದುಕೊಂಡಿದ್ದು. ಮತ್ತೆ ಕೂತೆ, ಮತ್ತೆ ಅಳೆದಳು. 41. ಬಿಚ್ಚಿ, ಪೈಪು ಇನ್ನೂ ಸ್ವಲ್ಪ ಉದ್ದ ಕುಯ್ದು ಹಾಕಿದೆ. 34. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಹಾಗೇ ಅಳೆದು ಎರಡು ಮೆಟ್ಟಿಲು ಬಿಗಿ ಮಾಡಿದೆ. ಹಳೇ ಎತ್ತರದ ಹ್ಯಾಂಡಲ್ ವಾಪಸ್ ಬಂತು.

ಎಲ್ಲ ಮುಗಿದಮೇಲೆ ಕೈ ಒರೆಸಿಕೊಳ್ಳುತ್ತಾ ಅವಳು ಕೇಳಿದಳು, "ಇದು ಮೊದ್ಲೇ ಇದ್ದಿದ್ರೆ ಆವತ್ತು ಹಂಗಾಗ್ತಿರ್ಲಿಲ್ಲ, ಅಲ್ವಾ?"

ಹೂಂ ಅಂದುಬಿಡಬಹುದಿತ್ತು. ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸಿದರೆ ಸ್ಪ್ರಿಂಗು ಜಗಳಕ್ಕೆ ಬರಲ್ಲ. ಆದರೆ ಮೂರು ವಾರದ ಸಾಲ ಇನ್ನೂ ಬಾಕಿ ಇತ್ತು. "ಆಗ್ತಿತ್ತೇನೋ ಕಣೆ. ನಾನೇ ಜೋರಾಗಿ ಹೋಗಿದ್ದೆ" ಅಂದೆ. ಅವಳು ನನ್ನ ಮುಖ ಸ್ವಲ್ಪ ಹೊತ್ತು ನೋಡಿ, "ಸರಿ" ಅಂತ ಒಳಗೆ ಹೋದಳು.

ಆಮೇಲೆ ಅದೇ ತಿರುವಿಗೆ ಹೋಗಿದ್ದೇನೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ನಿಧಾನಕ್ಕೆ, ರಸ್ತೆ ಎಲ್ಲಿಗೆ ಹೋಗುತ್ತೋ ಅಲ್ಲಿ ನೋಡಿಕೊಂಡು. ಮೂಗು ಬಗ್ಗುತ್ತೆ, ಸ್ವಲ್ಪ ಬಗ್ಗಿ ನಿಲ್ಲುತ್ತೆ. ಉಬ್ಬು ಬಂದರೆ ಚಕ್ರ ಅದರ ಮೇಲೆ ಹತ್ತಿ ಇಳಿಯುತ್ತೆ, ನೆಗೆಯಲ್ಲ. ಗೀರಿನ ಮೇಲಿನ ಕಪ್ಪು ಬಣ್ಣ ಹಾಗೇ ಇದೆ. ಸದ್ದು ಕಮ್ಮಿಯಾಗಿದೆ, ಪಕ್ಕದ ಮನೆ ಅಜ್ಜಿ ಈಗ ಕೈ ಬೀಸುತ್ತಾರೆ. ಅಪ್ಪನಿಗೆ ಎಲ್ಲ ಹೇಳಿದೆ, ಟ್ರಕ್ಕಿನದೊಂದು ಬಿಟ್ಟು. ಮುಚ್ಚಿಡಬಾರದು ಅನ್ನೋ ಷರತ್ತು ಹೆಂಡತಿಗೆ ಮಾತ್ರ.

ಅವಳು ಇವತ್ತಿನವರೆಗೂ ಹಿಂದಿನ ಸೀಟಿನಲ್ಲಿ ಕೂತಿಲ್ಲ. ಆದರೆ ಟೈರ್ ಬದಲಾಯಿಸಿದಾಗ, ನಾನು ಎರಡು ಕೆ.ಜಿ. ಇಳಿದಾಗ, ಮೂರು ಕೆ.ಜಿ. ಏರಿದಾಗ, ಅಳತೆಗೆ ಬರುತ್ತಾಳೆ. ಟೇಪಿನ ತುಂಬ ಫೋರ್ಕ್ ಆಯಿಲ್ಲಿನ ಕಲೆ, 34ರ ಹತ್ತಿರ ಬೆರಳಚ್ಚು ಬಿದ್ದು ಅಂಕಿಯೇ ಅಳಿಸಿದೆ. ಅದು ಈಗ ಸ್ಪ್ಯಾನರುಗಳ ಜೊತೆ ಗರಾಜಿನ ಡಬ್ಬಿಯಲ್ಲಿರುತ್ತೆ. ಮೊನ್ನೆ ನಾನು ಊರಿಗೆ ಹೊರಟಾಗ ತರಬೇಕಾದ ಸಾಮಾನಿನ ಪಟ್ಟಿ ಕೊಟ್ಟಳು. ಹುಣಸೆಹಣ್ಣು, ಎಂಟಿಆರ್ ಪುಡಿ, ಕಾಫಿಪುಡಿ. ಕೊನೆಯ ಸಾಲಿನಲ್ಲಿ, "ಟೇಲರ್ ಟೇಪು, ಒಂದು. ನನಗೆ."