ಜಲದುರ್ಗದ ಕೆಂಪು ಚಿಗುರು

ಮಾಘ ಕಳೆದು ಫಾಲ್ಗುಣ ಬಂತೆಂದರೆ ರಾಯಚೂರು ಸೀಮೆಯ ಬಾಗಲವಾಡದ ಸುತ್ತಲ ಎರೆಹೊಲಗಳಲ್ಲಿ ಬಿಳಿಜೋಳದ ಕೊಯ್ಲು ಮುಗಿಯುತ್ತ ಬರುತ್ತದೆ, ದಾರಿಬದಿಯ ಬೇವು ಹಳದಿ ಎಲೆ ಉದುರಿಸುತ್ತದೆ. ಕ್ಯಾಮೆರಾ ಹಿಡಿದು ಲಿಂಗಸುಗೂರು ದಾಟಿ ಜಲದುರ್ಗಕ್ಕೆ ಹೋಗಲು ಇದೇ ಸುಗ್ಗಿ.

ಅಲ್ಲಿ ಮಟ್ಟಸ ನೆಲ ಒಮ್ಮೆಲೇ ಬಾಯ್ದೆರೆಯುತ್ತದೆ. ಕೃಷ್ಣೆ ಕವಲೊಡೆದು ಬಂಡೆಗಳ ನಡುವೆ ಇಳಿಯುತ್ತಾಳೆ. ಕವಲುಗಳ ನಡುವಿನ ನಡುಗಡ್ಡೆಯ ಮೇಲೆ ಕೋಟೆ. ಈ ಸೀಮೆಯಲ್ಲಿ ನದಿ ಮೂರು ಮೈಲಿಯೊಳಗೆ ಸುಮಾರು 400 ಅಡಿ ಕೆಳಗಿಳಿಯುತ್ತದೆಂದು ಹಳೆಯ ಗೆಜೆಟಿಯರ್ ಬರೆದಿದೆ. ಈಗ ಮೇಲೆ ನಾರಾಯಣಪುರದ ಅಣೆಕಟ್ಟು ನೀರು ತಡೆದಿರುವಾಗ ಕಣಿವೆಯ ಎಲುಬುಗಳೆಲ್ಲ ಕಾಣುತ್ತವೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು! ಕೈಯಿಟ್ಟರೆ ಮೈ ಜುಮ್ಮೆನ್ನುತ್ತದೆ.

ಆ ಕಲ್ಲಿನ ಬಿರುಕಿನಲ್ಲಿ ಬೇರಿಳಿಸಿದ ಅರಳಿಗೆ ಆಗಷ್ಟೇ ಚಿಗುರು. ಎಲೆಯೆಲ್ಲ ತಾಮ್ರ. ಆಡು ಮೇಯಿಸುತ್ತಿದ್ದ ಅಜ್ಜ ನಾನು ನೋಡುವುದನ್ನೇ ನೋಡುತ್ತ ನಿಂತಿದ್ದ. “ಹುಟ್ಟಿದ ಕೂಸು ಕೆಂಪಗ ಇರತೈತಲ್ರಿ, ಹಂಗ,” ಎಂದ.

ಅಜ್ಜನ ಮಾತಿನಲ್ಲಿ ನಮ್ಮ ನಾಡಿನ ಬಣ್ಣದ ಗುಟ್ಟೇ ಇದೆ. ಕಾಶ್ಮೀರದ ಚಿನಾರ್ ಕೆಂಪಾಗುವುದು ಉದುರುವ ಮುನ್ನ; ಚಳಿಗೆ ಹಸಿರು ಕರಗಿ, ಎಲೆ ತನ್ನ ಕೊನೆಯ ದಿನಗಳಲ್ಲಿ ರಂಗೇರುತ್ತದೆ. ನಮ್ಮ ಅರಳಿಯದು ಹುಟ್ಟಿನ ಕೆಂಪು. ಪತ್ರಹರಿತ್ತು ಇನ್ನೂ ತುಂಬದ ಎಳೆಯ ಎಲೆಯನ್ನು ಉರಿಬಿಸಿಲಿನಿಂದ ಆಂಥೋಸಯನಿನ್ ಎಂಬ ಕೆಂಪು ವರ್ಣಕ ಕಾಯುತ್ತದೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಮರದ ಕೆಂಪು ನೋಡಲು ದೂರದ ಹಿಮದ ನಾಡಿಗೇ ಹೋಗಬೇಕೆನ್ನುವವರು ಒಮ್ಮೆ ರಾಯಚೂರು ಸೀಮೆಯ ಬಿಸಿಲಿಗೆ ಬರಬೇಕು.

ಚಿತ್ರಕ್ಕೆ ಬೆಳಗಿನ ಮೊದಲ ಬಿಸಿಲೇ ಬೇಕು. ಸೂರ್ಯನಿಗೆ ಎದುರಾಗಿ ನಿಂತರೆ ಬೆಳಕು ಎಲೆಯನ್ನು ತೂರಿ ಬರುತ್ತದೆ, ನರನರವೂ ಕಾಣುತ್ತದೆ, ಹಿಂದಿನ ಬಂಡೆ ನೆರಳಿಗೆ ಸರಿದು ಕೆಂಪನ್ನು ಮುಂದಕ್ಕೆ ತಳ್ಳುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿದರೆ ಬಣ್ಣ ಬಿಳಿಚುವುದಿಲ್ಲ. ಪೋಲರೈಸರ್ ತಿರುಗಿಸಿದರೆ ಎಲೆಯ ಮೇಲಿನ ಹೊಳಪೂ ನೀರಿನ ಝಳಪೂ ಅಡಗುತ್ತವೆ. ಹೊತ್ತೇರಿದರೆ ಕಣಿವೆಯ ಆಳವೆಲ್ಲ ಚಪ್ಪಟೆಯಾಗಿಬಿಡುತ್ತದೆ.

ಒಂದು ಮರದ ಕೆಂಪು ಒಂದೆರಡು ವಾರದ್ದಷ್ಟೆ. ಆದರೆ ಅರಳಿಗಳೆಲ್ಲ ಒಟ್ಟಿಗೆ ಚಿಗುರುವುದಿಲ್ಲ. ಒಂದು ಬೋಳಾಗಿದ್ದಾಗ ಇನ್ನೊಂದು ತಾಮ್ರ, ಮತ್ತೊಂದು ಆಗಲೇ ತಿಳಿಹಸಿರು. ಆ ಮೂರನ್ನೂ ಬಂಡೆಯ ಜೊತೆ ಒಂದೇ ಚೌಕಟ್ಟಿಗೆ ತರಬೇಕೆಂದರೆ ಕೋಟೆಗೋಡೆಯ ಉದ್ದಕ್ಕೂ ನಿಧಾನ ನಡೆಯಬೇಕು.