ಮನೆಯಿಂದ ದೂರದ ಆಗಸ್ಟ್ 15



ಇಟಲಿಯಲ್ಲಿ ಆಗಸ್ಟ್ 15ಕ್ಕೆ ‘ಫೆರಾಗೋಸ್ತೊ’ ಎನ್ನುತ್ತಾರೆ. ಅದು ಅಲ್ಲಿನ ಬೇಸಿಗೆಯ ದೊಡ್ಡ ರಜೆ. ಅಂಗಡಿ, ಕಾರ್ಖಾನೆ ಮುಚ್ಚಿ ಜನ ಮನೆಮಂದಿಯೊಂದಿಗೆ ಸಮುದ್ರಕ್ಕೋ ಬೆಟ್ಟಕ್ಕೋ ಹೋಗುತ್ತಾರೆ. ಹೆಸರು ಬಂದದ್ದು ರೋಮಿನ ಚಕ್ರವರ್ತಿ ಅಗಸ್ಟಸ್‌ನಿಂದ. ಸುಗ್ಗಿ ಮುಗಿಸಿದ ಜನರಿಗೆ ಕ್ರಿ.ಪೂ. 18ರಲ್ಲಿ ಅವನು ಕೊಟ್ಟ ಬಿಡುವು ಅದು. ದುಡಿದ ಎತ್ತುಗಳಿಗೂ ಅಂದು ಹೂವಿನ ಅಲಂಕಾರ, ನಮ್ಮ ಕಾರಹುಣ್ಣಿಮೆಯ ಹಾಗೆ. ಈಗ ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. 1950ರ ನವೆಂಬರ್ 1ರಂದು ಜಗದ್ಗುರು ಹನ್ನೆರಡನೇ ಪಿಯೂಸ್ ಅದನ್ನು ವಿಶ್ವಾಸಸತ್ಯವೆಂದು ಘೋಷಿಸಿದರು. ನಮಗಂತೂ ಅದು ಸ್ವಾತಂತ್ರ್ಯ ದಿನವೂ ಹೌದು.

ಇದನ್ನೆಲ್ಲ ಹೇಳಿದ್ದು ಇಟಲಿಯ ಒಂದು ವೃದ್ಧಾಶ್ರಮದಲ್ಲಿ ಸೇವೆ ಮಾಡುವ ನನ್ನ ಅಕ್ಕ, ಕನ್ಯಾಸ್ತ್ರೀ. “ಮಕ್ಕಳೆಲ್ಲ ಸಮುದ್ರಕ್ಕೆ ಹೋಗಿರ್ತಾರೆ. ಅಜ್ಜ ಅಜ್ಜಿಯರಿಗೆ ನಾವೇ ಕಲ್ಲಂಗಡಿ ಹೆಚ್ಚಿ ಕೊಟ್ಟು ಜೊತೆಗೆ ಕೂಡ್ತೀವಿ” ಎನ್ನುತ್ತಾಳೆ.

ನಾನಿರುವುದು ಕೊಲ್ಲಾಪುರದ ಹತ್ತಿರ, ಗೋಕುಳ ಶಿರಗಾಂವದಲ್ಲಿ. ಬಿಎಸ್ಸಿ ಮುಗಿಸಿ ಇಲ್ಲಿನ ಎಂಐಡಿಸಿಯ ಒಂದು ಫೌಂಡ್ರಿಯ ಲ್ಯಾಬಿಗೆ ಸೇರಿದೆ. ರಜೆ ಒಂದೇ ದಿನ. ಮುದಗಲ್ ಕಡೆಯ ನಮ್ಮೂರಿಗೆ ಹೋಗಿ ಬರುವುದರಲ್ಲೇ ಅದು ಮುಗಿಯುತ್ತದೆ. ಕಳೆದ ಆಗಸ್ಟ್ 15ರಂದು ಕಾರ್ಖಾನೆಯಲ್ಲಿ ಧ್ವಜವಂದನೆ ಮಾಡಿ, ಕೊಲ್ಲಾಪುರದಲ್ಲಿ ಮರಾಠಿ ಬಲಿಪೂಜೆಗೆ ಹೋದೆ. ಭಾಷೆ ಬೇರೆ, ಶುಭಸಂದೇಶ ಮಾತ್ರ ಅದೇ: ಮರಿಯಮ್ಮ ಬೆಟ್ಟದ ಸೀಮೆಗೆ ನಡೆದು ಹೋಗಿ, ಎಲಿಜಬೇತಮ್ಮನ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದದ್ದು. ಸ್ವರ್ಗಕ್ಕೆ ಸೇರಿದ ತಾಯಿಯ ಹಬ್ಬಕ್ಕೆ ಧರ್ಮಸಭೆ ಆರಿಸಿಕೊಂಡದ್ದು ಅವಳು ಇನ್ನೊಬ್ಬರ ಮನೆಯಲ್ಲಿದ್ದ ಕಥೆಯನ್ನು!

ರೂಮಿನಲ್ಲಿ ನಾವು ಮೂವರು ಹುಡುಗರು. ಕೋಳಿ ತರೋಣ ಎಂದುಕೊಂಡಿದ್ದೆವು. ಆದರೆ ಮನೆ ಮಾಲಕಿ ಮಾವಶಿಯ ಮಗ ಪುಣೆಯಿಂದ ಬಂದಿರಲಿಲ್ಲ, ಅವರಿಗೆ ಶ್ರಾವಣ ಬೇರೆ. ಅದಕ್ಕೇ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅವರನ್ನು ಕರೆದೆವು. ಅವರು ಮಸಾಲೆ ಭಾತ್ ತಂದರು. ಅವರ ತವರು ಸಂಕೇಶ್ವರ, ಕನ್ನಡ ಚೆನ್ನಾಗಿ ಬರುತ್ತದೆ. ಏನು ಹಬ್ಬವೆಂದು ಕೇಳಿದರು, ಹೇಳಿದೆ. “ಅಂದ್ರ ಆ ತಾಯಿ ಮನೀಗಿ ಹೋದ ದಿನಾ ಅನ್ನು” ಎಂದರು. ಇಷ್ಟು ವರ್ಷ ಕೇಳಿದ ಪ್ರಸಂಗಗಳಲ್ಲಿ ನನಗೆ ಇಷ್ಟು ಸರಳವಾಗಿ ಯಾವುದೂ ತಿಳಿದಿರಲಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿ, ಹಬ್ಬಕ್ಕೆ ಏನು ಮಾಡಿದ್ದಿ ಎಂದೆ. “ಒಬ್ಬಾಕಿಗೆ ಏನ್ ಮಾಡೂದು, ಅನ್ನ ಸಾರು ಮಾಡೀನಿ” ಎಂದಳು.

ಮಿತ್ರರೇ, ಮಕ್ಕಳು ದುಡಿಯಲು ಹೋಗಿ, ತಂದೆತಾಯಿ ಮಾತ್ರ ಉಳಿದ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಈ ಆಗಸ್ಟ್ 15ರಂದು ಬಲಿಪೂಜೆ ಮುಗಿದ ಮೇಲೆ ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಹೋಗಿ. ಬುತ್ತಿ ಕೊಟ್ಟು ಬಾಗಿಲಲ್ಲೇ ತಿರುಗಿ ಬರಬೇಡಿ, ಕೂತು ಅವರ ಜೊತೆ ಉಣ್ಣಿ. ಇಲ್ಲಿ ನಾವೂ ಯಾರದ್ದಾದರೂ ಬಾಗಿಲು ತಟ್ಟುತ್ತೇವೆ.